ಎಣಿಸಿಕೊಂಡು ಬಸ್ ಹತ್ತುವ ವಿಧಾನ

ಇಂಗ್ಲಿಷ್ ಕಲಿಯಲೆಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ನಿಗೆ ತಾವು ಬಂದಿಳಿದಿದ್ದೀರಿ. ಬೆಳಗ್ಗೆ ತರಗತಿ, ಮಧ್ಯಾಹ್ನ ವಿಹಾರ. ಇವೆರಡರಲ್ಲಿ ಭಾಷೆ ಯಾವುದರಿಂದ ಬಂತು ಅನ್ನುವುದು ಊರಿಗೆ ಮರಳಿದ ಮೇಲೆ ಗೊತ್ತಾಗುತ್ತದೆ. ಈ ಕೈಪಿಡಿ ವಿಹಾರದ್ದು.

ಮೊದಲು ಬುತ್ತಿ. ಉಳಿದುಕೊಂಡ ಮನೆಯ ಯಜಮಾನಿ ಸ್ಯಾಂಡ್‌ವಿಚ್, ಒಂದು ಪೊಟ್ಟಣ ಕ್ರಿಸ್ಪ್ಸ್, ಒಂದು ಸೇಬು ಕಟ್ಟಿಕೊಡುತ್ತಾರೆ. ನಾಳೆಯೂ ಅದೇ. ಕ್ರಿಸ್ಪ್ಸ್ ಅಂದರೆ ನಮ್ಮ ಚಿಪ್ಸ್. ಇಲ್ಲಿ ಚಿಪ್ಸ್ ಅಂದರೆ ಬೆರಳುದ್ದ ಹೆಚ್ಚಿ ಕರಿದ ಬಿಸಿ ಆಲೂಗಡ್ಡೆ. ಇದನ್ನು ಹಸಿವು ಕಲಿಸಿದಷ್ಟು ಚೆನ್ನಾಗಿ ಯಾವ ಮೇಷ್ಟರೂ ಕಲಿಸಲಾರರು. ಮಳೆಯಂಗಿ ಕಡ್ಡಾಯ. ಕೊಡೆ ಬೇಡ, ಅದನ್ನು ಗಾಳಿ ಮೊದಲ ದಿನವೇ ಇಸಿದುಕೊಳ್ಳುತ್ತದೆ.

ಕಡಲ ದಂಡೆಯಲ್ಲಿ ಮರಳು ಹುಡುಕಬೇಡಿ, ಬರೀ ಉಂಡೆಕಲ್ಲು. ಬರಿಗಾಲಲ್ಲಿ ಇಳಿದವರು ಕೆಂಡ ಹಾಯುವವರಂತೆ ಓಡುತ್ತಾರೆ. ಚಿಪ್ಸ್ ಕೊಂಡ ಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಕಂಬಿಯ ಮೇಲೆ ಕೂತ ಕಡಲಹಕ್ಕಿ ಗಾತ್ರದಲ್ಲಿ ಹುಂಜದಷ್ಟಿರುತ್ತದೆ. ಹಳದಿ ಕೊಕ್ಕು, ಕೆಳಗಡೆ ಕುಂಕುಮದಂಥ ಒಂದು ಚುಕ್ಕೆ, ಕರುಣೆಯಿಲ್ಲದ ಮಾಸಲು ಕಣ್ಣು. ಸಿಟಿ ಬಸ್ಸಿನ ಜೇಬುಗಳ್ಳನಂತೆ ಅದು ಯಾವಾಗಲೂ ಬೇರೆಲ್ಲೋ ನೋಡುತ್ತಿರುತ್ತದೆ. ಹೊಡೆಯುವಂತಿಲ್ಲ, 1981ರ ವನ್ಯಜೀವಿ ಕಾಯ್ದೆ ಅದರ ಪರ. ನನ್ನ ಕೈಯಿಂದ ಪೊಟ್ಟಣ ಹಾರಿಹೋದಾಗ ಪಕ್ಕದ ಇಟಲಿಯ ಹುಡುಗಿ "ಹೀ ಹ್ಯಾವ್ ಹಂಗ್ರಿ ಮೋರ್ ದ್ಯಾನ್ ಯೂ" ಅಂದಳು. ವ್ಯಾಕರಣ ನೆಗೆದುಬಿದ್ದಿತ್ತು, ಅರ್ಥ ಮಾತ್ರ ನೆಟ್ಟಗೆ ನಿಂತಿತ್ತು. ಈ ಊರಲ್ಲಿ ತಾವು ಕಲಿಯುವ ಇಂಗ್ಲಿಷನ್ನು ಇಂಗ್ಲಿಷರು ಕಲಿಸುವುದಿಲ್ಲ ಎಂದು ಇಲ್ಲೇ ಬರೆದಿಟ್ಟುಕೊಳ್ಳಿ.

ಮುಂದೆ ರಾಯಲ್ ಪೆವಿಲಿಯನ್. ನಂತರ ನಾಲ್ಕನೇ ಜಾರ್ಜ್ ಆದ ರಾಜಕುಮಾರನಿಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ 1822ರವರೆಗೆ ಕಟ್ಟಿ ಮುಗಿಸಿದ ಅರಮನೆ. ಹೊರಗೆ ಹಿಂದೂಸ್ತಾನದ ಗುಮ್ಮಟ, ಒಳಗೆ ಚೀನಾದ ಡ್ರ್ಯಾಗನ್. ನ್ಯಾಶ್ ಭಾರತ ಕಂಡವನಲ್ಲ, ಚಿತ್ರ ನೋಡಿ ಕಟ್ಟಿದ. ಕಟ್ಟಡವೂ ನಮ್ಮ ಹಾಗೆಯೇ, ಪರಭಾಷೆಯನ್ನು ತಪ್ಪುತಪ್ಪಾಗಿ ಆದರೆ ಗಟ್ಟಿ ದನಿಯಲ್ಲಿ ಆಡುತ್ತದೆ. ತಾವು ಭಾರತದವರಾದರೆ ಇಡೀ ತಂಡ ತಮ್ಮ ಕಡೆ ತಿರುಗುತ್ತದೆ. "ನಮ್ಮ ಮನೆ ಹೀಗಿಲ್ಲ" ಎಂಬ ವಾಕ್ಯವನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ.

1914ರ ಕೊನೆಗೆ ಇದೇ ಅರಮನೆ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಯಿತು. ಗುಮ್ಮಟದಡಿ ಸಾಲು ಮಂಚ. ಹಿಂದೂಗಳಿಗೆ, ಮುಸಲ್ಮಾನರಿಗೆ ಬೇರೆಬೇರೆ ನಲ್ಲಿ. ತೀರಿಕೊಂಡ ಹಿಂದೂ, ಸಿಖ್ ಸಿಪಾಯಿಗಳನ್ನು ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ ಛತ್ರಿ ಎಂಬ ಬಿಳಿ ಅಮೃತಶಿಲೆಯ ಮಂಟಪವಿದೆ, 1921ರದು. ವಿಹಾರದ ಪಟ್ಟಿಯಲ್ಲಿ ಅದಿಲ್ಲ. ಬಿಡುವಿನ ದಿನ ತಾವೇ ಹತ್ತಬೇಕು. ನಾವು ಮೂವರು ಹತ್ತಿದೆವು. ಸುಟ್ಟದ್ದು ಯಾಕೆ ಎಂದು ಬ್ರೆಜಿಲಿನ ಹುಡುಗ ಕೇಳಿದ. ನಾನು 'ದಹನ'ಕ್ಕೆ ಪದ ಹುಡುಕುತ್ತಿರುವಾಗ ಜಪಾನಿನವಳು "ಸೇಮ್, ಮೈ ಗ್ರ್ಯಾಂಡ್‌ಫಾದರ್" ಎಂದಳು. ಸುತ್ತ ಕುರಿ ಮೇಯುತ್ತಿದ್ದವು. ಮತ್ತೆ ಯಾರೂ ಪದ ಹುಡುಕಲಿಲ್ಲ.

ಕೊನೆಗೆ ಸೆವೆನ್ ಸಿಸ್ಟರ್ಸ್. ಸಮುದ್ರಕ್ಕೆ ನೆಟ್ಟಗೆ ಇಳಿದ ಸುಣ್ಣದ ಬಿಳಿ ಬಂಡೆಗಳು. ಸಿನಿಮಾದವರು ಡೋವರಿನ ಬಂಡೆಗಳೆಂದು ತೋರಿಸಲು ಇವನ್ನೇ ಕರೆಸಿಕೊಂಡದ್ದುಂಟು. ಅಂಚಿಗೆ ಹೋಗಬೇಡಿ. ಮೇಲೆ ಹುಲ್ಲು ಕಂಡರೂ ಕೆಳಗೆ ಸುಣ್ಣ ಕಳಚಿಕೊಂಡಿರುತ್ತದೆ, ಹೇಳಿ ಕೇಳಿ ಬೀಳುವುದಿಲ್ಲ. ಸೆಲ್ಫಿಗೆ ಹುಲ್ಲೇ ಸಾಕು.

ಅಲ್ಲಿಂದ ಹೊರಡುವಾಗ ಶಾಲೆಯ ಮೇಡಂ ಬಸ್ಸಿನಲ್ಲಿ ತಲೆ ಎಣಿಸುತ್ತಾರೆ. ನಾವು ಹೋದ ದಿನ ನಲವತ್ತೆರಡರ ಬದಲು ನಲವತ್ತಮೂರು ಬಂತು. ಮತ್ತೆ ಎಣಿಸಿದರು, ನಲವತ್ತಮೂರೇ. ಹಿಂದಿನ ಸೀಟಿನಲ್ಲಿ ನಮ್ಮದರಂಥದೇ ನೀಲಿ ಚೀಲದ, ಇನ್ಯಾವುದೋ ಶಾಲೆಯ ಹುಡುಗನೊಬ್ಬ ನನ್ನ ಕ್ರಿಸ್ಪ್ಸ್ ತಿನ್ನುತ್ತ ಕೂತಿದ್ದ. ಎಲ್ಲಿಯವನು ಎಂದು ಕೇಳಿದರೆ "ಫ್ರೆಂಡ್" ಅಂದ.