ಮಂಚದ್ವಯ ಮೀಮಾಂಸೆ

ಶಾಸ್ತ್ರಗ್ರಂಥವನ್ನಾರಂಭಿಸುವವನು ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಸಂಪ್ರದಾಯವಾದುದರಿಂದ, ಅದನ್ನು ಮೀರುವ ಧೈರ್ಯವಿಲ್ಲದ ನಾನೂ ಹಾಗೆಯೇ ತೊಡಗುತ್ತೇನೆ. ಬ್ಯಾಂಕಾಕ್ ನಗರದ ಅಗ್ಗದ ಹಾಸ್ಟೆಲಿನಲ್ಲಿ, ಎಂಟು ಮಂದಿಯ ಕೋಣೆಯೊಳಗೆ ಒಂದರ ಮೇಲೊಂದಾಗಿ ನಿಂತಿರುವ ಮಂಚಗಳೇ ವಿಷಯ. ಅವುಗಳ ಮೇಲೆ ನಿದ್ರಿಸುವುದು ಪ್ರಯೋಜನ. ಮಂಚಕ್ಕೂ ನಿದ್ರೆಗೂ ಇರುವುದು, ಮುಂದೆ ಸಾಧಿಸಲಿರುವಂತೆ, ಅಸಂಬಂಧವೆಂಬ ಸಂಬಂಧ. ಬೆನ್ನಿಗೊಂದು ಚೀಲ, ಲಾಕರಿಗೊಂದು ಬೀಗ, ಕಿವಿಗಳಿಗೆರಡು ಹತ್ತಿಯುಂಡೆಗಳನ್ನು ಸಂಪಾದಿಸಿಕೊಂಡು, ದೊಡ್ಡ ಹೋಟೆಲುಗಳ ಬಾಡಿಗೆಯನ್ನು ಕೇಳಿದೊಡನೆ ವೈರಾಗ್ಯ ಹೊಂದಿದವನೇ ಅಧಿಕಾರಿ.

ಈ ಶಾಸ್ತ್ರದ ಮೂಲಪುರುಷನು ಜರ್ಮನಿಯ ಉಪಾಧ್ಯಾಯ ರಿಚರ್ಡ್ ಶಿರ್‌ಮನ್. 1909ರಲ್ಲಿ ಶಿಷ್ಯರೊಡನೆ ಕಾಲ್ನಡಿಗೆಯಲ್ಲಿ ಹೊರಟು, ಬಿರುಮಳೆಗೆ ಸಿಕ್ಕಿ, ಒಂದು ಶಾಲೆಯಲ್ಲಿ ಹುಲ್ಲಿನ ಮೇಲೆ ಮಲಗಿ ರಾತ್ರಿ ಕಳೆದ ಈ ಮಹಾನುಭಾವನು, 1912ರಲ್ಲಿ ಆಲ್ಟೆನಾ ಕೋಟೆಯೊಳಗೆ ಯುವಜನರ ವಸತಿಯನ್ನು ತೆರೆದನು. ನಮ್ಮ ಛತ್ರ ಅದಕ್ಕಿಂತ ಪುರಾತನವಲ್ಲವೇ ಎಂಬ ಆಕ್ಷೇಪಕ್ಕೆ ಸಮಾಧಾನವಿಷ್ಟೆ: ಛತ್ರದಲ್ಲಿ ಊಟವುಂಟು, ಮಂಚವಿಲ್ಲ, ಇಲ್ಲಿ ಮಂಚವುಂಟು, ಊಟವಿಲ್ಲ.

ಇನ್ನು ಕ್ಷೇತ್ರಮಹಿಮೆ. 1782ರಲ್ಲಿ ಒಂದನೆಯ ರಾಮನೆಂಬ ದೊರೆ ಚಾವೊ ಪ್ರಾಯಾ ನದಿಯ ಪೂರ್ವದ ದಡದಲ್ಲಿ ಸ್ಥಾಪಿಸಿದ ಈ ರಾಜಧಾನಿಯ ಪೂರ್ಣನಾಮವನ್ನು ಒಂದೇ ಉಸಿರಿಗೆ ಹೇಳುವುದು ಪ್ರಾಣಾಯಾಮ ಬಲ್ಲವರಿಗೇ ಸಾಧ್ಯ. ಥಾಯ್ ಉಚ್ಚಾರಣೆಯ ಸಿಪ್ಪೆಯನ್ನು ಸುಲಿದರೆ ಮಹಾನಗರ, ಅಮರ, ರತ್ನ, ನವರತ್ನ, ರಾಜಧಾನಿ, ಮಹಾಸ್ಥಾನ, ಅವತಾರ ಮುಂತಾಗಿ ನಮ್ಮ ಪರಿಚಿತ ಪದಗಳೇ ಒಂದರ ಬೆನ್ನಿಗೊಂದು ಸಾಲುಗಟ್ಟಿ ಬಂದು, ಇಂದ್ರನು ದಯಪಾಲಿಸಿ ವಿಶ್ವಕರ್ಮನು ನಿರ್ಮಿಸಿದ ಪುರವಿದೆಂಬ ಘೋಷಣೆಯಲ್ಲಿ ಮುಕ್ತಾಯವಾಗುತ್ತವೆ. ಅಂತಹ ಪುರದಲ್ಲಿ ನನ್ನ ಪಾಲಿಗೆ ಬಂದುದು ಆರಡಿ ಉದ್ದ, ಮೂರಡಿ ಅಗಲದ ಹಲಗೆ.

ಹಾಸ್ಟೆಲಿದ್ದುದು ಕಾವ್ ಸಾನ್ ಬೀದಿಯ ಮಗ್ಗುಲಲ್ಲಿ. ಬತ್ತಕ್ಕೊಂದು, ಅಕ್ಕಿಗೊಂದು, ಅನ್ನಕ್ಕೊಂದು ಹೆಸರಿಡುವ ವಿವೇಕ ನಮ್ಮಂತೆಯೇ ಥಾಯ್ ಜನಕ್ಕೂ ಇದ್ದು, ಕಾವ್ ಸಾನ್ ಎಂದರೆ ಅಕ್ಕಿ. ಹಿಂದೆ ಇದು ಅಕ್ಕಿಯ ವ್ಯಾಪಾರದ ಬೀದಿ. ಬಾಗಿಲಲ್ಲಿ ಪಾದರಕ್ಷೆಯೆಂಬ ಹೊಟ್ಟನ್ನು ಕಳಚಿ ಒಳಹೊಕ್ಕ ಅತಿಥಿಯು ಅಕ್ಕಿಯಾಗುವನೆಂದೂ, ಏಪ್ರಿಲ್ ತಿಂಗಳ ಹಬೆಯಲ್ಲಿ ಸಂಜೆಯ ಹೊತ್ತಿಗೆ ಅನ್ನವಾಗುವನೆಂದೂ ನನ್ನ ನಿರ್ವಚನ.

ಈಗ ವಾದಕ್ಕೆ ಬರೋಣ. ಏಣಿ ಹತ್ತುವ ಶ್ರಮವಿಲ್ಲದ ಕೆಳಮಂಚವೇ ಶ್ರೇಷ್ಠವೆಂಬುದು ಪೂರ್ವಪಕ್ಷ. ಆದರೆ ಕೆಳಗೆ ಮಲಗಿದವನ ಕಣ್ಣೆದುರು ಮೇಲಿನವನ ಒದ್ದೆ ಟವೆಲೂ ಅದರ ಪಕ್ಕದಲ್ಲಿ ಅವನ ಎರಡು ಪಾದಗಳೂ ತೂಗಾಡುತ್ತಿರುತ್ತವೆ. ಆ ಮಧ್ಯಾಹ್ನವಷ್ಟೇ ನಾನು ಪ್ರಾ ಆತಿತ್, ಎಂದರೆ ಆದಿತ್ಯನ, ಹೆಸರಿನ ಕಟ್ಟೆಯಲ್ಲಿ ದೋಣಿ ಹತ್ತಿ ವಾಟ್ ಪೋ ದೇವಾಲಯಕ್ಕೆ ಹೋಗಿ, 46 ಮೀಟರ್ ಉದ್ದಕ್ಕೂ ನಿಶ್ಚಿಂತನಾಗಿ ಮಲಗಿರುವ ಬುದ್ಧನನ್ನೂ, ಅವನ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿ ಕೂರಿಸಿದ 108 ಮಂಗಳಲಕ್ಷಣಗಳನ್ನೂ ದರ್ಶಿಸಿದ್ದೆನಾದುದರಿಂದ, ಈ ಪಾದಗಳನ್ನೂ ಅದೇ ಶ್ರದ್ಧೆಯಿಂದ ಪರೀಕ್ಷಿಸಿದೆನು. ಚಪ್ಪಲಿ ಕಚ್ಚಿದ ಗಾಯಕ್ಕೆ ಹಚ್ಚಿದ ಪಟ್ಟಿಯೊಂದರ ಹೊರತು ಲಕ್ಷಣವಾವುದೂ ಕಾಣಲಿಲ್ಲ. ಮೇಲ್ಮಂಚವೇ ಮೇಲೆಂಬ ಮತಾಂತರವನ್ನು ಮರುರಾತ್ರಿ ಪರೀಕ್ಷಿಸಿದಾಗ, ಹವಾನಿಯಂತ್ರಕದ ಬಾಯಿ ನೇರವಾಗಿ ನನ್ನ ನೆತ್ತಿಗೆ ಉಪದೇಶ ಮಾಡುತ್ತಿದ್ದು, ಬೀದಿಯಲ್ಲಿ ಬೆವರಿದ ದೇಹ ಮಂಚದಲ್ಲಿ ನಡುಗಿತು. ಆದುದರಿಂದ ಮೂರನೆಯ ರಾತ್ರಿ ಕೆಳಕ್ಕೇ ಮರಳಿದೆನು.

ಸಹವಾಸಧರ್ಮವನ್ನಾದರೋ ನಗರವೇ ಬೋಧಿಸುತ್ತದೆ. 1837ರಿಂದ 1840ರವರೆಗೆ ತೋಡಿದ ಸೇನ್ ಸೇಪ್ ಕಾಲುವೆಯ ದೋಣಿಯಲ್ಲಿ, ಎದುರಿನಿಂದ ಇನ್ನೊಂದು ದೋಣಿ ಬಂದು ಕಪ್ಪುನೀರು ಚಿಮ್ಮುವ ಕ್ಷಣಕ್ಕೆ ಸರಿಯಾಗಿ, ಅಂಚಿನಲ್ಲಿ ಕುಳಿತವರು ಯಾರ ಅಪ್ಪಣೆಗೂ ಕಾಯದೆ ಹಗ್ಗವನ್ನೆಳೆದು ಎಲ್ಲರಿಗೂ ಪರದೆಯೇರಿಸುತ್ತಾರೆ. ನಮ್ಮ ಕೋಣೆಯಲ್ಲಾದರೋ ಎಂಟು ಮಂಚಗಳಿಗೆ ಎಂಟು ಪರದೆಗಳು. ಒಬ್ಬನ ಪರದೆ ಇನ್ನೊಬ್ಬನಿಗಾಗದು, ಸದ್ದು ಮಾತ್ರ ಸರ್ವರಿಗೂ ಸಮಾನ.

ಸದ್ದು ಎರಡು ವಿಧ. ಗೊರಕೆಯು ಕರ್ತೃವಿಗೆ ಅರಿವಿಲ್ಲದ ಕ್ರಿಯೆಯಾದುದರಿಂದ ಕ್ಷಮ್ಯ. ನಸುಕಿನ ಮೂರು ಗಂಟೆಗೆ ಹೊರಡುವವನು ಬಿಚ್ಚುವ ಪ್ಲಾಸ್ಟಿಕ್ ಚೀಲದ ಸರಪರವಾದರೋ ಬುದ್ಧಿಪೂರ್ವಕವಾದುದು, ಪ್ರಾಯಶ್ಚಿತ್ತವಿಲ್ಲದ ಪಾತಕ. ಇತರರ ನಿದ್ರೆ ಕೆಡದಿರಲೆಂಬ ಕರುಣೆಯಿಂದ ಅವನು ಎಷ್ಟು ಮೆಲ್ಲಗೆ ಬಿಚ್ಚುವನೋ ಅಷ್ಟೂ ದೀರ್ಘಕಾಲ ಅದು ಸರಪರಗುಟ್ಟುವುದು; ಹಿಂಸೆಗೆ ಕಾರಣ ಕ್ರೌರ್ಯವಲ್ಲ, ಅಹಿಂಸೆಯೇ ಎಂಬ ಈ ಸಿದ್ಧಾಂತವನ್ನು ನಾನು ಮೂರು ರಾತ್ರಿ ಎಚ್ಚರವಿದ್ದು ಕಂಡುಕೊಂಡೆನು.

ನಾಲ್ಕನೆಯ ರಾತ್ರಿ, ಸುವರ್ಣಭೂಮಿ ನಿಲ್ದಾಣದಿಂದ ಬೆಳಗಿನ ವಿಮಾನ ಹಿಡಿಯಬೇಕಾಗಿ, ಮೂರು ಗಂಟೆಗೆದ್ದು ಕತ್ತಲಲ್ಲೇ ತಡಕಾಡಿದೆನು. ಹಲ್ಲುಜ್ಜುವ ಬ್ರಷ್ಷು ಚೀಲದೊಳಗಿನ ಚೀಲದೊಳಗಿತ್ತು. ಉಸಿರು ಬಿಗಿಹಿಡಿದು, ಅತ್ಯಂತ ಕರುಣೆಯಿಂದ, ಗಂಟನ್ನು ಮೆಲ್ಲಮೆಲ್ಲಗೆ ಬಿಚ್ಚತೊಡಗಿದೆನು. ಗೊರಕೆ ನಿಂತಿತು. ತಲೆಯ ಮೇಲೆ ತೂಗುತ್ತಿದ್ದ ಆ ಎರಡು ಪಾದಗಳು ಒಮ್ಮೆ ಅದುರಿ, ಪಟ್ಟಿಯ ಸಮೇತವಾಗಿ, ಮೇಲಕ್ಕೆ ಸರಿದುಕೊಂಡವು.