ಮೆನ್ಲೋ ಪಾರ್ಕಿನ ದೊಡ್ಡ ಅಡ್ಮಿನ್ ಸಾಹೇಬರಿಗೆ ಒಂದು ಅರ್ಜಿ

ಇವರಿಗೆ,
ಶ್ರೀ ಮಾರ್ಕ್ ಜುಕರ್‌ಬರ್ಗ್ ಅವರು,
ಮೆಟಾ ಕಂಪನಿ, ಮೆನ್ಲೋ ಪಾರ್ಕ್, ಕ್ಯಾಲಿಫೋರ್ನಿಯಾ.

ಇಂದ,
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಗುಂಪುಗಳಲ್ಲಿ ಎಲ್ಲವನ್ನೂ ಓದಿ ಏನನ್ನೂ ಬರೆಯದ ಒಬ್ಬ ಸದಸ್ಯ.

ವಿಷಯ: ವಾಟ್ಸ್‌ಆ್ಯಪಿನ ಬಾಗಿಲನ್ನು ಹೊರಗಿನ ಆ್ಯಪ್ ಬರೆಯುವವರಿಗೂ ತೆರೆದುಕೊಡುವ ಬಗ್ಗೆ.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ತಂದು ಜೋಡಿಸಿದರು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಪಾಲು ತೆಗೆದುಕೊಂಡು ಬೇರೆ ಒಲೆ ಹೂಡಿತು. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಮುಗಿಲು ನೋಡುತ್ತಾ ನಿಂತ ಮೆಕ್ಕೆಜೋಳ. ಇವನ್ನೆಲ್ಲ ಒಂದು ಮಾಡಲು ಜಿಲ್ಲಾಡಳಿತದ ಕೈಲಾಗದ್ದನ್ನು ತಮ್ಮ ಹಸಿರು ಆ್ಯಪ್ ಮಾಡಿಬಿಟ್ಟಿತು. ಚನ್ನಗಿರಿಯಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ ಎಷ್ಟಾಯಿತು, ಹೊನ್ನಾಳಿಯಲ್ಲಿ ತುಂಗಭದ್ರೆ ಎಷ್ಟು ಏರಿದಳು, ಜಗಳೂರಿನ 57 ಕೆರೆ ತುಂಬಿಸುವ ಯೋಜನೆಯಲ್ಲಿ ಯಾವ ಕೆರೆಗೆ ನೀರು ಬಂತು, ಎಲ್ಲವೂ ಅದರಲ್ಲೇ ತಿಳಿಯುತ್ತದೆ. ಜೊತೆಗೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಉಚಿತ. ಋಣಿಗಳು, ಸ್ವಾಮಿ.

ಈಗ ತಕರಾರು. ನ್ಯಾಮತಿಯಲ್ಲಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿರುವ ಒಬ್ಬ ಹುಡುಗನಿದ್ದಾನೆ ಎಂದಿಟ್ಟುಕೊಳ್ಳಿ. (ಇಟ್ಟುಕೊಳ್ಳುವುದೇನು, ಬೀದಿಗೊಬ್ಬ ಸಿಗುತ್ತಾನೆ.) ಅವನ ತಲೆಗೊಂದು ಯೋಚನೆ ಬಂತು. ಯಾರೋ ಖೇಣಿದಾರ ಬೈಕಿನ ಮೇಲೆ ಹೋಗುತ್ತಾ, ಗಾಳಿಯ ಸದ್ದಿನ ನಡುವೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಕೂಗಿ ಗುಂಪಿಗೆ ಹಾಕಿದ ವಾಯ್ಸ್ ಮೆಸೇಜನ್ನು ಕೇಳಿಸಿಕೊಂಡು, ದರದ ಪಟ್ಟಿ ಮಾಡಿ, ಓದು ಬಾರದ ಅಜ್ಜಿಗೆ ಸಂಜೆ ನಮ್ಮ ಮಾತಿನಲ್ಲೇ ಹೇಳುವ ಒಂದು ಪುಟ್ಟ ಆ್ಯಪ್. ಇಷ್ಟೇ. ಚಂದ್ರಯಾನವೇನಲ್ಲ.

ಬಾಗಿಲೇ ಇಲ್ಲ ಎಂದರೆ ನನ್ನ ನಾಲಿಗೆ ಸುಳ್ಳಾಡಿದಂತೆ. 2018ರಲ್ಲಿ ವ್ಯಾಪಾರಿಗಳಿಗೆಂದು ತಾವೊಂದು ಬಾಗಿಲು ತೆರೆದಿರಿ. ಬೆಂಗಳೂರಿನ ನಮ್ಮ ಮೆಟ್ರೊ 2022ರ ರಾಜ್ಯೋತ್ಸವದ ದಿನದಿಂದ ಅದರೊಳಗೇ ಕೂತು ಟಿಕೆಟ್ ಮಾರುತ್ತಿದೆ. ಹುಡುಗ ಅಲ್ಲಿಗೆ ಹೋಗಿ ಹೆಚ್ಚು ಜನರಿಗೆ ಕಳಿಸಬೇಕೆಂದರೆ ವ್ಯಾಪಾರದ ದಾಖಲೆ ತೋರಿಸಬೇಕು. ತಾನಾಗಿಯೇ ಕಳಿಸುವ ಸಂದೇಶದ ಒಕ್ಕಣೆಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಮೆಸೇಜಿಗಿಷ್ಟು ಎಂದು ಸುಂಕ ಕಟ್ಟಬೇಕು. ಎಲ್ಲ ಕಟ್ಟಿದ ಮೇಲೂ ಊರವರ ಗುಂಪಿನೊಳಗೆ ಬಂದು ಕೂರುವ ಹಾಗಿಲ್ಲ. ಹಿತ್ತಿಲ ಕಡೆಯಿಂದ ನುಗ್ಗಿದರೆ ನಂಬರೇ ಬ್ಯಾನ್. ನಮ್ಮ ಕಡೆ ಆ ನಂಬರ್ ಹೋಯಿತೆಂದರೆ ಮನುಷ್ಯನೇ ಹೋದ ಲೆಕ್ಕ. ಮದುವೆ ಕರೆಯೋಲೆಯೂ ಅವನಿಗೆ ಮುಟ್ಟುವುದಿಲ್ಲ.

ಸಾಲದ್ದಕ್ಕೆ, ಬೇರೆಯವರ ಸರ್ವವಿದ್ಯಾ ಎಐ ಚಾಟ್‌ಬಾಟ್‌ಗಳು 2026ರ ಜನವರಿ 15ರಿಂದ ಆ ವ್ಯಾಪಾರಿ ಬಾಗಿಲಲ್ಲೂ ಕಾಲಿಡಬಾರದು ಎಂಬ ನಿಯಮ ತಂದಿರಿ. ತಮ್ಮ ಸ್ವಂತ ಮೆಟಾ ಎಐ ಮಾತ್ರ ಕರೆಯದೆ ಬಂದ ಬೀಗರ ಹಾಗೆ ಪರದೆಯ ಮೂಲೆಯಲ್ಲಿ ನೀಲಿ ಬಳೆ ತೊಟ್ಟು ಕೂತಿದೆ. ಎಬ್ಬಿಸಿ ಕಳಿಸೋಣವೆಂದರೆ ದಾರಿ ಕಾಣೆ.

ತಾವೊಬ್ಬರೇ ಹೀಗೆ ಎನ್ನುವಂತಿಲ್ಲ, ವಂಶದ ಗುಣ. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್ಎನ್ ಮೆಸೆಂಜರನ್ನು ಎಒಎಲ್ ಕಂಪನಿಯ ಗಿರಾಕಿಗಳ ಜೊತೆಗೂ ಮಾತಾಡುವಂತೆ ಮಾಡಿತ್ತು. ಎಒಎಲ್ ಅದನ್ನು ತಡೆಯಿತು. ಇವರು ಇನ್ನೊಂದು ಸಂದು ಹುಡುಕಿದರು, ಅವರು ಅದನ್ನೂ ಮುಚ್ಚಿದರು. ಆಗ ಜಾಲ ಎಲ್ಲರಿಗೂ ತೆರೆದಿರಬೇಕೆಂದು ನೀತಿ ಹೇಳಿದ್ದು ಮೈಕ್ರೋಸಾಫ್ಟ್! ಅದೇ ಹೊತ್ತಿಗೆ ವಿಂಡೋಸ್ ಏಕಸ್ವಾಮ್ಯದ ಕೇಸಿನಲ್ಲಿ ಕಟಕಟೆ ಹತ್ತಿದ್ದ ಮೈಕ್ರೋಸಾಫ್ಟ್. ಅದೇ ವರ್ಷ ಜೆರೆಮಿ ಮಿಲ್ಲರ್ ಎಂಬ ಪುಣ್ಯಾತ್ಮ ಯಾವ ಆ್ಯಪಿನಿಂದ ಯಾವ ಆ್ಯಪಿಗಾದರೂ ಮಾತು ಹೋಗಲಿ ಎಂದು ಜ್ಯಾಬರ್ ಕಟ್ಟಿಕೊಟ್ಟ. ಮುಂದೆ ಅದಕ್ಕೆ ಎಕ್ಸ್‌ಎಂಪಿಪಿ ಎಂಬ ಹೆಸರಾಯಿತು. ಗೂಗಲ್ 2005ರಲ್ಲಿ ಅದನ್ನು ಹಿಡಿದು, 2013ರಲ್ಲಿ ಹ್ಯಾಂಗೌಟ್ಸ್ ತಂದು ಕೈಬಿಟ್ಟಿತು. ತಮ್ಮ ಫೇಸ್‌ಬುಕ್ ಚಾಟ್ 2010ರಲ್ಲಿ ಹೊರಗಿನವರಿಗೆ ಅದೇ ದಾರಿ ಬಿಟ್ಟು 2015ರಲ್ಲಿ ಮುಚ್ಚಿತು. ವಾಟ್ಸ್‌ಆ್ಯಪನ್ನೂ ಎಕ್ಸ್‌ಎಂಪಿಪಿಯನ್ನೇ ತಿದ್ದಿ ಕಟ್ಟಿದ್ದು. ಬಡವನಾಗಿದ್ದಾಗ ಬಾಗಿಲು ತಟ್ಟಿದವನೇ ಸಾಹುಕಾರನಾದ ಮೇಲೆ ಒಳಗಿನಿಂದ ಚಿಲಕ ಹಾಕುತ್ತಾನೆ.

2025ರ ಅಕ್ಟೋಬರಿನ ಸುಮಾರಿಗೆ ಸ್ವದೇಶಿ ಹುಮ್ಮಸ್ಸಿನಲ್ಲಿ ನಾವೂ ಜೋಹೋ ಕಂಪನಿಯ ಅರಟ್ಟೈ ಹಾಕಿಕೊಂಡೆವು. ಒಳಗೆ ಹೋಗಿ ನೋಡಿದರೆ ಮಾವನೂ ಇಲ್ಲ, ಅಡಿಕೆ ದರವೂ ಇಲ್ಲ. ವಾಪಸ್ ತಮ್ಮ ಪಾದಕ್ಕೇ ಬಂದೆವು. ನಾಳೆ ಅದೇ ದೊಡ್ಡದಾದರೂ ನನಗೇನೂ ಭರವಸೆಯಿಲ್ಲ; ಬೀಗ ಸ್ವದೇಶಿಯಾದರೂ ಬೀಗವೇ.

ತೆರೆದರೆ ನಮ್ಮ ಗುಟ್ಟು ಬಯಲಾಗುತ್ತದೆ ಎಂದು ತಾವು ಮರುಗುವುದನ್ನು ಕೇಳಿ ಕಣ್ಣು ತುಂಬಿ ಬಂತು. ಆ ಮರುಕ ಸುಳ್ಳೆನ್ನಲಾರೆ. ಕದ ತೆರೆದ ಕಡೆ ಕಳ್ಳನೂ ನುಗ್ಗಬಲ್ಲ. ಆದರೆ ಯುರೋಪಿನವರು ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ ಹಿಡಿದು ನಿಂತಾಗ, ಹೊರಗಿನವರೂ ಅಷ್ಟೇ ಗಟ್ಟಿ ಗೂಢಲಿಪಿ ಬಳಸಬೇಕೆಂಬ ಷರತ್ತಿನ ಮೇಲೆ 2025ರ ನವೆಂಬರಿನಲ್ಲಿ ಬರ್ಡಿಚಾಟ್, ಹೈಕೆಟ್ ಎಂಬ ಎರಡು ಆ್ಯಪ್‌ಗಳಿಗೆ ಕಿಟಕಿ ತೆರೆದುಕೊಟ್ಟಿರಲ್ಲ? ಅಲ್ಲಿಯವರ ಗುಟ್ಟಿಗೆ ಆಗದ ಕೇಡು ಜಗಳೂರಿನವರ ಗುಟ್ಟಿಗೇ ಆಗಬೇಕೆ? ನಮ್ಮ ಸ್ಪರ್ಧಾ ಆಯೋಗ 2024ರಲ್ಲಿ ತಮಗೆ 213.14 ಕೋಟಿ ದಂಡ ಹಾಕಿದ್ದು ನಿಜ. ಅದು 2021ರ ಖಾಸಗಿತನದ ನೀತಿಗೆ. ಬಾಗಿಲ ಮಾತು ಅದರಲ್ಲಿ ಬರಲಿಲ್ಲ. 1,900 ಕೋಟಿ ಡಾಲರಿಗೆ ವಾಟ್ಸ್‌ಆ್ಯಪನ್ನು ಕೊಂಡವರಿಗೆ ಆ ದಂಡ ಸಂತೆಯ ಸುಂಕದಷ್ಟು.

ಇನ್ನು ಮುಖ್ಯ ವಿಷಯ. ಹೊನ್ನಾಳಿಯಲ್ಲಿ ಎಳನೀರು ಮಾರುವವನ ಗಾಡಿಗೆ ಒಂದೇ ಕ್ಯೂಆರ್ ಚೀಟಿ ಅಂಟಿಸಿರುತ್ತದೆ. ಒಬ್ಬ ಫೋನ್‌ಪೇಯಿಂದ ಕೊಡುತ್ತಾನೆ, ಇನ್ನೊಬ್ಬ ಗೂಗಲ್ ಪೇಯಿಂದ. ಯಾವ ಕಂಪನಿಯವನು ನೀನು ಎಂದು ಆತ ಯಾರನ್ನೂ ಕೇಳುವುದಿಲ್ಲ, ಎಳನೀರು ಕೊಚ್ಚುತ್ತಾನೆ. 2016ರಲ್ಲಿ ಯುಪಿಐ ಬಂದಾಗಲೇ ಆ್ಯಪ್ ಯಾರದಾದರೂ ಹಣ ಎಲ್ಲ ಕಡೆ ಹರಿಯಬೇಕೆಂದೇ ಅದನ್ನು ಕಟ್ಟಿದ್ದು. ತಾವೂ 2020ರಲ್ಲಿ ಕೈಕಟ್ಟಿ ಅದಕ್ಕೆ ಸೇರಿದಿರಿ. ಹಾಗಾಗಿ ಇವತ್ತು ವಾಟ್ಸ್‌ಆ್ಯಪಿನಿಂದ ಕಳಿಸಿದ ಹತ್ತು ರೂಪಾಯಿ ಬೇರೆ ಆ್ಯಪ್ ಇಟ್ಟುಕೊಂಡವನ ಖಾತೆಗೆ ಕ್ಷಣದಲ್ಲಿ ಮುಟ್ಟುತ್ತದೆ. ಅದೇ ಪರದೆಯಿಂದ ಅವನ ಬೇರೆ ಆ್ಯಪಿಗೆ ಒಂದು ನಮಸ್ಕಾರ ಮುಟ್ಟುವುದಿಲ್ಲ. ದುಡ್ಡಿಗೆ ಹೊಸಿಲು ದಾಟಲು ಅಡ್ಡಿಯಿಲ್ಲ, ಮಾತಿಗೆ ಮಾತ್ರ ಮಡಿ.

ಆದ್ದರಿಂದ ತಾವು ತೆರೆಯುವವರೆಗೆ ನಾಲ್ಕು ತಾಲ್ಲೂಕಿನವರು ಸೇರಿ ಒಂದು ತಾತ್ಕಾಲಿಕ ಏರ್ಪಾಡು ಮಾಡಿಕೊಳ್ಳಬಹುದೆಂದು ನನ್ನ ಸಲಹೆ. ಹಣ ಕಳಿಸುವಾಗ ಷರಾ ಬರೆಯಲು ಪುಟ್ಟ ಜಾಗವಿರುತ್ತದಲ್ಲ, ಹೇಳುವುದನ್ನೆಲ್ಲ ಅಲ್ಲೇ ಬರೆದು ಒಂದೊಂದು ರೂಪಾಯಿ ಕಳಿಸುವುದು. ಉತ್ತರ ಕೊಡುವವರು ಅದೇ ರೂಪಾಯಿಯನ್ನು ಹಿಂದಕ್ಕೆ ಕಳಿಸುವುದು. ಹರಟೆ ಎಷ್ಟೇ ಉದ್ದವಾದರೂ ಇಬ್ಬರಿಗೂ ನಷ್ಟವಿಲ್ಲ. ಜಗಳ ಬಂದರೆ ಮಾತ್ರ ಒಬ್ಬರಿಗೆ ಒಂದು ರೂಪಾಯಿ ಲಾಭ.

ತಮ್ಮ ಯುಪಿಐ ಐಡಿ ಸಿಗದ ಕಾರಣ ಅಂಚೆಯಲ್ಲೇ ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಧೇಯ,
ಮ್ಯೂಟ್ ಆಗಿರುವ ಸದಸ್ಯ

ಲಗತ್ತು: ಒಂದು ರೂಪಾಯಿ ನಾಣ್ಯ.
ಷರಾ: ಅಜ್ಜಿ ಇವತ್ತಿನ ರಾಶಿ ದರ ಕೇಳುತ್ತಿದ್ದಾಳೆ. ಹುಡುಗನನ್ನು ಒಳಗೆ ಬಿಡಿ, ಇಲ್ಲವೇ ತಾವೇ ಫೋನ್ ಮಾಡಿ ಹೇಳಿ.