ಕಡ್ಡಿರಾಯರು

ಕಡ್ಡಿರಾಯರು ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ಸಿಗುತ್ತಾರೆ. ಬ್ಯಾಂಕಿನಿಂದಲೋ ವಿದ್ಯುತ್ ಮಂಡಳಿಯಿಂದಲೋ ನಿವೃತ್ತರಾದವರು. ವಯಸ್ಸು ಅರವತ್ತರ ಆಚೆ. 30-40 ಸೈಟಿನಲ್ಲಿ ಮನೆ ಎದ್ದು, ಸಂಪು ತೋಡಿ, ಕಾರಿಗೆ ಜಾಗ ಬಿಟ್ಟ ಮೇಲೆ ಕಾಂಪೌಂಡಿನ ಪಕ್ಕ ಉಳಿಯುವ ಮೂರಡಿ ಅಗಲದ ಮಣ್ಣಿನ ಪಟ್ಟಿಯೇ ಇವರ ಕೈತೋಟ. ಗೇಟಿನ ಹೊರಗೆ ಚರಂಡಿಗೂ ಗೋಡೆಗೂ ನಡುವಿನ ಜಾಗ ಪಾಲಿಕೆಯದು. ಅದನ್ನೂ ಇವರು ತೋಟದ ಲೆಕ್ಕಕ್ಕೇ ಸೇರಿಸಿಕೊಂಡಿರುತ್ತಾರೆ.

ಗಿಡವನ್ನು ದುಡ್ಡು ಕೊಟ್ಟು ತರುವುದು ಇವರ ಜಾಯಮಾನದಲ್ಲಿಲ್ಲ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಬೆಂಗಳೂರಿನ ಕಡ್ಡಿರಾಯರು ತಪ್ಪದೆ ಹೋಗುತ್ತಾರೆ. ಗಾಜಿನ ಮನೆಯೊಳಗೆ ಜನ ಸೆಲ್ಫಿಗಾಗಿ ನೂಕಾಡುತ್ತಿದ್ದರೆ ಇವರು ಅಲಂಕಾರದ ಬುಡದಲ್ಲಿ ಹರಡಿದ ಬಳ್ಳಿಯನ್ನು ಬಗ್ಗಿ ನೋಡುತ್ತಿರುತ್ತಾರೆ. ಮಳಿಗೆಯಲ್ಲಿ ಬೆಲೆ ಕೇಳಿ, ‘ಇದಕ್ಕೆ ಅಷ್ಟಾ?’ ಎಂದು ಮುಂದೆ ಸಾಗುತ್ತಾರೆ. ಋತುವಿಗೊಮ್ಮೆ ಬಿತ್ತಿ ಕಿತ್ತೆಸೆಯುವ ಪೆಟೂನಿಯ, ಸಾಲ್ವಿಯಗಳನ್ನು ಕಂಡರಂತೂ ಇವರಿಗೆ ಆಗುವುದೇ ಇಲ್ಲ. ಒಮ್ಮೆ ನೆಟ್ಟರೆ ವರ್ಷಾನುಗಟ್ಟಲೆ ಬಾಳುವ ಬಹುವಾರ್ಷಿಕ ಗಿಡಗಳ ಮೇಲೆ ಇವರಿಗೆ ಫಿಕ್ಸೆಡ್ ಡಿಪಾಸಿಟ್ಟಿನ ಮೇಲಿದ್ದಷ್ಟೇ ನಂಬಿಕೆ.

ಕಡ್ಡಿ ಸಂಗ್ರಹಕ್ಕೆ ಬೆಳಗಿನ ವಾಕಿಂಗೇ ಸಮಯ. ಪ್ಯಾಂಟಿನ ಜೇಬಿನಲ್ಲಿ ತೊಳೆದು ಮಡಚಿದ ಹಾಲಿನ ಕವರು, ಜೊತೆಗೊಂದು ಒದ್ದೆ ಕರವಸ್ತ್ರ. ಕೊಕ್ಕೆಕೋಲು ಹಿಡಿದು, ದೇವರ ಹೆಸರಿನಲ್ಲಿ ಕಂಡವರ ದಾಸವಾಳ ಎಳೆಯುವವರ ಗುಂಪಿಗೆ ಇವರನ್ನು ಸೇರಿಸಬಾರದು. ಅವರು ಕೇಳುವುದೇ ಇಲ್ಲ; ಇವರು ಕೇಳುತ್ತಾರೆ, ಮುರಿದ ಮೇಲೆ.

‘ಒಂದೇ ಒಂದು ಕಡ್ಡಿ ತಗೊಂಡೆ ಕಣಮ್ಮ.’

‘ಅಯ್ಯೋ, ಅದಕ್ಕೇನಂತೆ ಅಂಕಲ್, ತಗೊಳ್ಳಿ.’

ಮನೆಯವರು ಹೊರಗೆ ಬರದಿದ್ದರೆ, ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ಹಳೆಯ ನಂಬಿಕೆ ಕೈಹಿಡಿಯುತ್ತದೆ. ಆ ನಂಬಿಕೆಗೆ ಆಧಾರವಿಲ್ಲ, ಆದರೆ ಇವರು ಆರಿಸುವ ಗಿಡಗಳಿಗೆ ಇದೆ. ನೆಲಕ್ಕೆ ಒರಗಿ ಹರಿಯುವ ಬಹುತೇಕ ಬಳ್ಳಿಗಳು ಗೆಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತವೆ. ಎರಡು ಗೆಣ್ಣಿರುವ ತುಂಡು ಸಿಕ್ಕರೆ ಸಾಕು, ಕದ್ದದ್ದೋ ಕೊಟ್ಟದ್ದೋ ಅದು ವಿಚಾರಿಸುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ. ತುದಿ ಚಿವುಟಿದಷ್ಟೂ ಗಿಡ ಪಕ್ಕಕ್ಕೆ ಕವಲೊಡೆದು ಪೊದೆಯಾಗುತ್ತದೆ. ಹಾಗಾಗಿ ಕಡ್ಡಿರಾಯರು ದಿನವೂ ಹಾದುಹೋಗುವ ಬೀದಿಯ ಕನಕಾಂಬರ, ನಿತ್ಯಪುಷ್ಪಗಳು ದಟ್ಟವಾಗಿ ಮೈತುಂಬಿಕೊಂಡಿರುತ್ತವೆ. ತಮ್ಮ ಗಿಡಕ್ಕೆ ಮಾತ್ರ ಕತ್ತರಿ ಹಾಕಲು ಇವರಿಗೆ ಮನಸ್ಸು ಬಾರದು. ಅದು ಸೊರಗಿ, ಬುಡದಲ್ಲಿ ಬೋಳಾಗಿ, ಮೇಲೆ ನಾಲ್ಕು ಹೂ ಹೊತ್ತು ನಿಂತಿರುತ್ತದೆ. ಮಡಗಾಸ್ಕರಿನಿಂದ ಬಂದ ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಮದ್ದು ತೆಗೆಯುತ್ತಾರೆ ಎಂದು ಇವರು ಬಂದವರಿಗೆಲ್ಲ ಹೇಳುವುದು ನಿಜ. ಎಲೆ ಜಗಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎನ್ನುವುದನ್ನು ಕಿವಿಗೆ ಹಾಕಿಕೊಳ್ಳಬಾರದು. ಆ ಗಿಡ ವಿಷ.

ನೆಲಹೊದಿಕೆಯಲ್ಲಿ ಮೊದಲ ಸ್ಥಾನ ಒಂದೆಲಗಕ್ಕೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ತೇವವೂ ಅರೆನೆರಳೂ ಇರುವಲ್ಲಿ ಅದು ತಾನಾಗಿ ಹಬ್ಬುತ್ತದೆ. ಜೀರಿಗೆ, ಮೆಣಸು, ತೆಂಗಿನತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸಿದರೆ ತಂಬುಳಿ. ವಾರದಲ್ಲಿ ಮೂರು ದಿನ ಅದೇ ಆದಾಗ ಮನೆಯವರು ನೆನಪಿನ ಶಕ್ತಿ ಸಾಕು ಎನ್ನುತ್ತಾರೆ. ದೊಡ್ಡಪತ್ರೆ, ರಿಯೋ ಯಾರ ಹಂಗೂ ಇಲ್ಲದೆ ಬದುಕುತ್ತವೆ. ಬಿಸಿಲು ಬೀಳುವ ಮೂಲೆಗೆ ಟೇಬಲ್ ರೋಸ್. ಬಿಸಿಲಿಲ್ಲದ ದಿನ ಅದು ಕಣ್ಣೇ ಬಿಡುವುದಿಲ್ಲ. ಬ್ರೆಜಿಲ್ ಮೂಲದ ಹಳದಿ ಹೂವಿನ ಅಲಂಕಾರಿಕ ಕಡಲೆ ಬಳ್ಳಿ ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುತ್ತದೆ, ಅಲ್ಪಸ್ವಲ್ಪ ತುಳಿದರೂ ಬೇಸರಿಸುವುದಿಲ್ಲ. ಪುಟ್ಟ ತೋಟಕ್ಕೆ ಇದಕ್ಕಿಂತ ಯೋಗ್ಯವಾದದ್ದು ಕಡಿಮೆ.

ನೆಲ ಮುಚ್ಚಿದರೆ ಮಣ್ಣು ಬೇಗ ಒಣಗುವುದಿಲ್ಲ, ಕಳೆಯೂ ಕಡಿಮೆ ಎಂದು ಕಡ್ಡಿರಾಯರು ಬೀದಿಗೆಲ್ಲ ಸಾರುತ್ತಾರೆ. ಮುಚ್ಚುವ ತನಕ ಕೂತು ಕಳೆ ಕೀಳಬೇಕೆಂಬುದನ್ನು ಸೊಂಟ ಹಿಡಿದಾಗ ಮಾತ್ರ ಒಪ್ಪಿಕೊಳ್ಳುತ್ತಾರೆ. ಕಳೆಯ ಪೈಕಿ ಗರಿಕೆಗೆ ಒಂದು ದಿನದ ಮಾಫಿ ಉಂಟು: ಗಣೇಶನ ಹಬ್ಬದ ಬೆಳಿಗ್ಗೆ 21 ಎಸಳಿಗಾಗಿ ಅರ್ಧ ಬೀದಿ ಇವರ ಗೇಟಿನಲ್ಲಿರುತ್ತದೆ.

ಹೊದಿಕೆ ದಟ್ಟವಾದಂತೆ ಮನೆಯೊಳಗೆ ಆಕ್ಷೇಪ ಏಳುತ್ತದೆ. ‘ಇದರೊಳಗೆ ಹಾವು ಮಲಗಿದ್ರೂ ಗೊತ್ತಾಗಲ್ಲ ರೀ.’ ಹಾವು ಬರಲಿ ಬಿಡಲಿ, ಮಳೆಗಾಲದಲ್ಲಿ ಶಂಖದ ಹುಳು ಬಂದೇ ಬರುತ್ತದೆ. ಆಫ್ರಿಕದಿಂದ ಬಂದ ಈ ದೈತ್ಯ ಹಗಲೆಲ್ಲ ಎಲೆಯಡಿ ತಂಪಾಗಿದ್ದು ರಾತ್ರಿ ಮೇಯಲು ಹೊರಡುತ್ತದೆ. ಆಗ ಕಡ್ಡಿರಾಯರು ಲುಂಗಿ ಎತ್ತಿಕಟ್ಟಿ, ಬಾಯಲ್ಲಿ ಟಾರ್ಚು ಕಚ್ಚಿ, ಕೈಗೆ ಹಾಲಿನ ಕವರು ತೊಟ್ಟು, ಒಂದೊಂದಾಗಿ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತಾರೆ. ಎಷ್ಟು ಸಿಕ್ಕಿತೆಂಬ ಲೆಕ್ಕ ಬೆಳಿಗ್ಗೆ ವಾಕಿಂಗಿನವರಿಗೆಲ್ಲ ವರದಿಯಾಗುತ್ತದೆ.

ಪಡೆದಷ್ಟನ್ನೂ ಕಡ್ಡಿರಾಯರು ಹಂಚಿಬಿಡುತ್ತಾರೆ ಎಂಬುದನ್ನು ಹೇಳಲೇಬೇಕು. ತೂತು ಮಾಡಿದ ನಂದಿನಿ ಪ್ಯಾಕೆಟ್ಟುಗಳಲ್ಲಿ ಕಡ್ಡಿಗಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿರುತ್ತವೆ. ಅರಿಶಿನ ಕುಂಕುಮಕ್ಕೆ ಬಂದವರು ತಾಂಬೂಲದ ಜೊತೆ ಒಂದನ್ನು ಹಿಡಿದೇ ಹೋಗಬೇಕು. ಎಷ್ಟೋ ಸಲ ಅದು ಅವರದೇ ಕಾಂಪೌಂಡಿನಿಂದ ಮುರಿದು ತಂದದ್ದಾಗಿರುತ್ತದೆ. ‘ಇದು ನಿಮ್ಮಲ್ಲಿ ಇರಲಿಕ್ಕಿಲ್ಲ’ ಎಂದು ಹೇಳಿಯೇ ಕೊಡುತ್ತಾರೆ.

ಜೂನ್, ಜುಲೈ ತಿಂಗಳ ಮೋಡದ ದಿನಗಳು ಕಡ್ಡಿ ನೆಡಲು ಒಳ್ಳೆಯವು. ಆಗ ಕಡ್ಡಿರಾಯರು ಏನು ಕೊಟ್ಟರೂ ಸಂಕೋಚವಿಲ್ಲದೆ ತೆಗೆದುಕೊಳ್ಳಬಹುದು. ಹಳದಿ ಸೇವಂತಿಗೆಯಂಥ ಹೂ ಬಿಡುವ ವೆಡೇಲಿಯವನ್ನು ಮಾತ್ರ ಬೇಡವೆನ್ನಿ. ಉಷ್ಣವಲಯದ ಅಮೆರಿಕದ ಆ ಬಳ್ಳಿ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ, ಕಿತ್ತೆಸೆದ ತುಂಡೂ ಚರಂಡಿಯ ದಂಡೆಯಲ್ಲಿ ಬೇರೂರುತ್ತದೆ.